ಮರಣಶಯ್ಯೆ ಮಾರಾಟಕ್ಕಿದೆ

ದೇಶದ ಆರೋಗ್ಯ ಮಂತ್ರಿಗಳು ದಿನಾ ಬೆಳಿಗ್ಗೆ ಹಲ್ಲುಜ್ಜುವ ಮೊದಲು ನನಗೆ ಫೋನು ಮಾಡಿ, ಇವತ್ತು ಏನು ತೀರ್ಮಾನ ಮಾಡಲಿ ಎಂದು ಕೇಳುತ್ತಾರೆ. ನಾನು ನಿಧಾನವಾಗಿ ಎದ್ದು, ಹಲ್ಲುಜ್ಜಿ, ಕಾಫಿ ಕುಡಿದು, ಪೇಪರು ಮಡಿಸಿಟ್ಟು, ಆಮೇಲೆ ಹೇಳುತ್ತೇನೆ. ಅಲ್ಲಿಯವರೆಗೆ ಮಂತ್ರಿಗಳು ಬಾಯಿ ತೊಳೆಯದೆ ಕಾದಿರುತ್ತಾರೆ. ನಂಬಿಕೆ ಬರಲಿಲ್ಲವೇ? ತೊಂದರೆಯಿಲ್ಲ, ನನ್ನ ಅತ್ತೆಗೂ ಬಂದಿಲ್ಲ. ಆದರೆ ಮನೆಮಂದಿಯ ನಾಡಿ ಬಲ್ಲ ಡಾಕ್ಟರು ಎಂಬ ಜೀವಿಯೇ ಕಣ್ಣಿಗೆ ಬೀಳದಂತಾಗಿದ್ದ ಕಾಲದಲ್ಲಿ, ಸರ್ಕಾರ ಐದು ದಾರಿ ಹುಡುಕಿ ಐದರ ಮುಂದೆಯೂ ನಿಂತು ತಲೆ ಕೆರೆದುಕೊಳ್ಳುತ್ತಿದ್ದಾಗ, ನಮ್ಮ ಬೀದಿಗೆ ಒಬ್ಬ ಡಾಕ್ಟರು ಬಂದು ಕೂತದ್ದು ಸುಳ್ಳೇ? ಕೂತಿದ್ದಾರೆ, ಹೋಗಿ ನೋಡಿ. ಅವರನ್ನು ತಂದವನು ನಾನು. ಅದೂ ಮಲಗಿದಲ್ಲಿಂದಲೇ.

ಬೀದಿಯ ಮೂಲೆಯ ಹಾಸಿಗೆ ಅಂಗಡಿ ನನ್ನದು. ದಬ್ಬಣ ಹಿಡಿದರೆ ನನಗೆ ಸಮಾನರಿಲ್ಲ. ನಾನು ಹೊಲಿದ ಹಾಸಿಗೆಯ ಮೇಲೆ ಹುಲಿಯನ್ನು ಮಲಗಿಸಿದರೂ ಅದು ಬೇಟೆ ಬಿಟ್ಟು ಪಿಂಚಣಿ ಕೇಳುತ್ತದೆ. 'ಇಲ್ಲಿ ಮಲಗಿದವರು ಎದ್ದ ಉದಾಹರಣೆ ಇಲ್ಲ' ಎಂದು ಅಂಗಡಿಯ ಮೇಲೆ ಬೋರ್ಡು ಬರೆಸಿದ್ದೆ. ಡಾಕ್ಟರಿಲ್ಲದ ಬೀದಿಯಲ್ಲಿ ಅದನ್ನು ಓದಿದರೆ ಎದೆ ಝಲ್ಲೆನ್ನುತ್ತದೆ ಎಂದು ಎದುರುಮನೆಯ ನಿವೃತ್ತ ಮೇಷ್ಟ್ರು ಹಟ ಹಿಡಿದು ಅಳಿಸಿ ಹಾಕಿಸಿದರು.

ನಮ್ಮ ಹಳೇ ಡಾಕ್ಟರು ಬಾಗಿಲು ಹಾಕಿಕೊಂಡು ಮಗಳ ಮನೆಗೆ ಹೋಗಿ ಬಹಳ ಕಾಲವಾಗಿತ್ತು. ಕ್ಲಿನಿಕ್ಕಿನ ಬಾಗಿಲಿಗೆ 'ಈಗ ಬರುತ್ತೇನೆ' ಎಂಬ ಹಲಗೆ ಮಾತ್ರ ಹಾಗೇ ತೂಗುತ್ತಿತ್ತು. ಅದನ್ನು ತೆಗೆಯಲು ಯಾರಿಗೂ ಮನಸ್ಸು ಬಂದಿರಲಿಲ್ಲ. ಬೆಳಿಗ್ಗೆ ಹೊತ್ತು ನರ್ಸಕ್ಕ ಬಂದು ಗಾಯಕ್ಕೆ ಪಟ್ಟಿ ಕಟ್ಟುತ್ತಿದ್ದಳು, ತೂಕ ನೋಡುತ್ತಿದ್ದಳು. ಔಷಧಿ ಬರೆಯಲು ಮಾತ್ರ ಅವಳಿಗೆ ಅಧಿಕಾರವಿರಲಿಲ್ಲ. ಮಿಕ್ಕದ್ದಕ್ಕೆಲ್ಲ ದೊಡ್ಡಾಸ್ಪತ್ರೆ. ಅಲ್ಲಿಗೆ ಫೋನು ಮಾಡಿದರೆ ಮೊದಲು ಸಂಗೀತ ಹಾಕುತ್ತಾರೆ. ನಮ್ಮ ಅತ್ತೆಗೆ ಆ ಸಂಗೀತ ಬಾಯಿಪಾಠವಾಗಿ, ಪಾತ್ರೆ ತೊಳೆಯುವಾಗ ಅದನ್ನೇ ಗುನುಗುತ್ತಿದ್ದರು.

ಹೀಗಿರುವಾಗ ನನ್ನ ಹೆಂಡತಿಯ ಕುತ್ತಿಗೆಯಲ್ಲಿ, ಕಿವಿಯಿಂದ ಸ್ವಲ್ಪ ಕೆಳಗೆ, ಒಂದು ಗಂಟು ಎದ್ದಿತು. ಸೋಫಾಕ್ಕೆ ಹಾಕುವ ಗುಂಡಿಯಷ್ಟು. ಬೀದಿಯವರೆಲ್ಲ ಮುಟ್ಟಿ ನೋಡಿದರು. ಕಟಿಂಗ್ ಶಾಪಿನವನು ಕುರು ಎಂದ, ಮೇಷ್ಟ್ರು ವಾಯು ಎಂದರು. ಅತ್ತೆ ಅಡುಗೆಮನೆಗೆ ಹೋಗಿ ಆಗಲೇ ತೊಳೆದಿದ್ದ ಪಾತ್ರೆಗಳನ್ನು ಮತ್ತೆ ತೊಳೆದರು. ದೊಡ್ಡಾಸ್ಪತ್ರೆಯವರು ನೋಡುತ್ತೇವೆಂದು ಕೊಟ್ಟ ದಿನ ಎಷ್ಟು ದೂರವಿತ್ತೆಂದರೆ, ನಮ್ಮ ಗೋಡೆಯ ಕ್ಯಾಲೆಂಡರಿನಲ್ಲಿ ಅದು ಇರಲೇ ಇಲ್ಲ. ಅವಳು ಕುತ್ತಿಗೆಗೆ ಒಂದು ಬಟ್ಟೆ ಸುತ್ತಿಕೊಂಡು ದಿಂಬಿಗೆ ಹತ್ತಿ ತುಂಬುವ ಕೆಲಸಕ್ಕೆ ಕೂತುಬಿಟ್ಟಳು.

ಆಗಲೇ ಆರೋಗ್ಯ ಇಲಾಖೆಯ ಅಧಿಕಾರಿ ಶಾಲೆಯ ಸಭಾಂಗಣದಲ್ಲಿ ಸಭೆ ಕರೆದದ್ದು. ಡಾಕ್ಟರುಗಳ ಕೊರತೆ ನೀಗಲು ಸರ್ಕಾರದ ಮುಂದಿರುವ ಮಾರ್ಗಗಳ ಬಗ್ಗೆ ಸಾರ್ವಜನಿಕರ ಅಭಿಪ್ರಾಯ ಕೇಳಬೇಕಂತೆ. ಅವರು ಗೋಡೆಯ ಮೇಲೆ ಬೆಳಕಿನ ಚಿತ್ರ ಬಿಟ್ಟು ಕೋಲಿನಿಂದ ತೋರಿಸಿದರು.

"ಬಡಾವಣೆಗಳಿಗೆ ಬರೋ ಡಾಕ್ಟರಿಗೆ ವಿಶೇಷ ಭತ್ಯೆ ಕೊಡೋದು, ಇದೊಂದು."

ಕಟಿಂಗ್ ಶಾಪಿನವನು ಎದ್ದು ನಿಂತ. "ನನಗೂ ಕೊಡಿ ಸಾರ್. ನಾನೂ ದಿನಾ ಜನರ ಕುತ್ತಿಗೆ ಹತ್ರ ಕತ್ತಿ ಹಿಡಿಯೋನೇ."

"ಕೂತ್ಕೊಳಿ. ಓದು ಮುಗಿಸಿದ ಹುಡುಗರು ಇಂತಿಷ್ಟು ವರ್ಷ ಇಂಥ ಕಡೆ ಕೆಲಸ ಮಾಡಲೇಬೇಕು ಅಂತ ಕರಾರು ಬರೆಸಿಕೊಳ್ಳೋದು ಇನ್ನೊಂದು."

"ಹಗ್ಗ ಕಟ್ಟಿ ಎಳ್ಕೊಂಡು ಬಂದ ಡಾಕ್ಟರು ಸೂಜಿ ಎಲ್ಲಿಗೆ ಚುಚ್ತಾನೆ ಅಂತ ಸರ್ಕಾರ ಯೋಚನೆ ಮಾಡಿದ್ಯಾ?" ಎಂದರು ಮೇಷ್ಟ್ರು.

ಅಧಿಕಾರಿ ಬೆವರು ಒರೆಸಿಕೊಂಡು, ಪರದೆಯ ಮೇಲೆ ಬಂದು ಮಾತಾಡುವ ಡಾಕ್ಟರ ಚಿತ್ರ ತೋರಿಸಿದರು. ನಮ್ಮ ಅತ್ತೆ ಕೈ ಎತ್ತಿದರು. "ಅಲ್ಲಪ್ಪಾ, ಟೀವಿ ಒಳಗಿರೋನು ನನ್ನ ಹೊಟ್ಟೆ ಒತ್ತಿ ನೋಡೋದು ಹೇಗೆ?"

"ನೀವೇ ಒತ್ತಿಕೊಂಡು, ಎಲ್ಲಿ ನೋವು ಅಂತ ಅವರಿಗೆ ಹೇಳಬೇಕು ಅಮ್ಮಾ."

"ಹಾಗಾದ್ರೆ ಸಂಬಳ ನನಗೆ ಕೊಡು."

ಸಭೆಯೆಲ್ಲ ನಕ್ಕಿತು. ನಿವೃತ್ತರಾದವರನ್ನು ವಾಪಸು ಕರೆಸುವ ಮಾತು ಬಂತು. ನಮ್ಮ ಹಳೇ ಡಾಕ್ಟರಿಗೆ ಈಗ ಕಿವಿ ಕೇಳಿಸುವುದಿಲ್ಲ, ಕೇಳಿಸುತ್ತಿದ್ದಾಗಲೂ ಅವರು ಕೇಳಿಸಿಕೊಂಡವರಲ್ಲ ಎಂದು ಯಾರೋ ಹೇಳಿದರು. ಕೊನೆಗೆ, ಸಣ್ಣಪುಟ್ಟ ಕಾಯಿಲೆಗಳನ್ನು ನರ್ಸುಗಳೇ ನೋಡಿ ಔಷಧಿ ಬರೆಯಲಿ, ಡಾಕ್ಟರು ದೊಡ್ಡದನ್ನು ಮಾತ್ರ ನೋಡಲಿ ಎಂಬ ಐದನೆಯ ದಾರಿ. ನರ್ಸಕ್ಕ ಹಿಂದಿನ ಸಾಲಿನಿಂದ, "ಆ ದೊಡ್ಡದನ್ನ ನೋಡೋರು ಯಾರು ಸಾರ್, ಅವರನ್ನ ತೋರಿಸಿ ಮೊದಲು" ಎಂದಳು.

ಆಗ ನನ್ನ ಹೆಂಡತಿ ಎದ್ದಳು. "ಇದೆಲ್ಲ ಯಾವಾಗ ಆಗತ್ತೆ?"

ಅಧಿಕಾರಿ ಒಂದು ಲೋಟ ನೀರು ಕುಡಿದರು. "ಪರಿಶೀಲನೆಯಲ್ಲಿದೆ ತಾಯಿ. ಆದ್ರೆ ಮುಂದಿನ ವಾರ ಒಬ್ರು ಬಂದು ನಿಮ್ಮ ಬೀದಿ ನೋಡ್ಕೊಂಡು ಹೋಗ್ತಾರೆ. ಅವರಿಗೆ ಒಪ್ಪಿಗೆಯಾದ್ರೆ ಡಾಕ್ಟರು ಬಂದ ಹಾಗೇ." ಇಷ್ಟು ಹೇಳಿ ಕೋಲು ಮಡಿಸಿಕೊಂಡು ಹೊರಟರು.

ದೊಡ್ಡವರನ್ನು ಕಾರಿನವರೆಗೆ ಬಿಟ್ಟುಬರುವುದು ದೊಡ್ಡವರ ಲಕ್ಷಣ, ಆದ್ದರಿಂದ ನಾನು ಹೋದೆ. ಕಾರಿನ ಕಿಟಕಿ ಇಳಿಸಿ ಅವರು ನನ್ನ ಕಿವಿಯಲ್ಲಿ ಒಂದು ಮಾತು ಹೇಳಿದರು. ತಿರುಗಿ ನೋಡುತ್ತೇನೆ, ಇಡೀ ಬೀದಿ ನನ್ನ ಬಾಯನ್ನೇ ನೋಡುತ್ತಿದೆ.

"ಏನಂತೆ ಅಣ್ಣಾ?" ಎಂದ ಕಟಿಂಗ್ ಶಾಪಿನವನು.

"ಗುಟ್ಟು," ಎಂದೆ. ಹಾಗೆಂದ ಮೇಲೆ ಹೇಳದೇ ಇರುವುದು ಹೇಗೆ? "ಬರೋನು ಲೆಕ್ಕದವನಂತೆ. ಎಲ್ಲಿ ರೋಗಿಗಳು ಹೆಚ್ಚೋ ಅಲ್ಲಿಗೆ ಡಾಕ್ಟರು. ಗಟ್ಟಿಮುಟ್ಟಾದ ಬೀದಿ ಕಂಡ್ರೆ ಮುಂದಕ್ಕೆ ಹೋಗ್ತಾನಂತೆ."

ಅಂದಿನಿಂದ ನಮ್ಮ ಬೀದಿ ಕಾಯಿಲೆ ಬೀಳುವ ಅಭ್ಯಾಸಕ್ಕೆ ಇಳಿಯಿತು. ನನ್ನ ಅಂಗಡಿಯೇ ತಾಲೀಮಿನ ಮನೆ. ಕಾಯಿಲೆ ಹಂಚುವುದು ಆಸ್ತಿ ಹಂಚುವುದಕ್ಕಿಂತ ಕಷ್ಟ ಎಂದು ನನಗೆ ಆಗ ತಿಳಿಯಿತು. ಎಲ್ಲರಿಗೂ ಹೃದಯವೇ ಬೇಕು.

"ಹೃದಯ ನನಗಿರಲಿ, ವಯಸ್ಸಿಗೂ ಒಪ್ಪತ್ತೆ," ಎಂದರು ಮೇಷ್ಟ್ರು.

"ನಿಮಗೆ ಹೃದಯ ಇದೆ ಅಂದ್ರೆ ನಿಮ್ಮ ಹಳೇ ವಿದ್ಯಾರ್ಥಿಗಳು ನಂಬ್ತಾರಾ?" ಎಂದ ಕಟಿಂಗ್ ಶಾಪಿನವನು. ಕೊನೆಗೆ ಅವನಿಗೆ ಮುರಿದ ಕೈ ಕೊಟ್ಟು ಸಮಾಧಾನ ಮಾಡಿದೆ.

ಅತ್ತೆ, "ನನಗೆ ನಿಜವಾಗ್ಲೂ ಮಂಡಿ ನೋವಿದೆ, ಬೇರೆ ಬೇಡ," ಎಂದರು.

"ಅತ್ತೆ, ನಿಜವಾದದ್ದು ನೋಡೋಕೆ ಚೆನ್ನಾಗಿರಲ್ಲ. ನೀವು ಮೂರ್ಛೆ ಹೋಗಿ."

"ಅಳಿಯಂದ್ರೇ, ನಿಮ್ಮ ಮಾತು ಇನ್ನು ಸ್ವಲ್ಪ ಕೇಳಿದ್ರೆ ತಾನಾಗೇ ಹೋಗ್ತೀನಿ."

ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ನನಗೆ ಯಾವುದು ರೀ?" ಎಂದಳು. ನಾನು ದಬ್ಬಣಕ್ಕೆ ದಾರ ಪೋಣಿಸುತ್ತ, "ನಿನಗೇನೂ ಬೇಡ" ಎಂದೆ. ದಾರ ಸೂಜಿಗಣ್ಣಿಗೆ ಹೋಗಲಿಲ್ಲ. ಅವಳೇ ಇಸಿದುಕೊಂಡು ಪೋಣಿಸಿ ಕೊಟ್ಟು ಒಳಗೆ ಹೋದಳು.

ಹೇಳಿದ ವಾರದಲ್ಲೇ ಆಸಾಮಿ ಬಂದ. ಸಣ್ಣಗೆ, ಬೆಳ್ಳಗೆ, ಅಳತೆ ಟೇಪು ಹಿಡಿದು ಕ್ಲಿನಿಕ್ಕಿನ ಮೇಲಿನ ಮನೆಯ ಕಿಟಕಿಗಳನ್ನು ಅಳೆಯುತ್ತಿದ್ದ. ನೋಡಿದ ಕೂಡಲೇ ಹೇಳಿದೆ: ಎಷ್ಟು ರೋಗಿಗಳು ಹಿಡಿಸುತ್ತಾರೆ ಎಂದು ಲೆಕ್ಕ ಹಾಕುತ್ತಿದ್ದಾನೆ. ನನ್ನ ಊಹೆ ಎಂದೂ ತಪ್ಪುವುದಿಲ್ಲ. ತಪ್ಪಿದರೆ ಅದು ಜಗತ್ತಿನ ತಪ್ಪು.

ಅವನು ಮೊದಲು ಹೋದದ್ದು ಗಡ್ಡ ಮಾಡಿಸಲು. ಕಟಿಂಗ್ ಶಾಪಿನವನು ಬಲಗೈಯನ್ನು ಬಟ್ಟೆಯ ಜೋಳಿಗೆಯಲ್ಲಿ ಕುತ್ತಿಗೆಗೆ ತೂಗುಹಾಕಿಕೊಂಡು ಎಡಗೈಯಲ್ಲಿ ಕತ್ತಿ ಎತ್ತಿದ. "ಕೈ ಮುರಿದು ತುಂಬಾ ದಿನ ಆಯ್ತು ಸಾರ್, ನೋಡೋರಿಲ್ಲ. ಎಡಗೈ ನಡುಗತ್ತೆ, ಅಲ್ಲಾಡಬೇಡಿ." ಬಂದವನು ಒಂದು ಕೆನ್ನೆಗೆ ಸೋಪು ಇರುವಂತೆಯೇ ಎದ್ದು ಹೊರಗೆ ಬಂದ.

ಹೊರಗೆ ಮೇಷ್ಟ್ರು ಕಾದಿದ್ದರು. ರಸ್ತೆಯ ಮಧ್ಯೆ ಪೇಪರು ಹಾಸಿ, ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡು, ಎದೆ ಹಿಡಿದು, ಗೌರವಕ್ಕೆ ಕುಂದು ಬಾರದಂತೆ ಮೆಲ್ಲಗೆ ಬಿದ್ದರು.

"ಅಯ್ಯೋ, ಏನಾಯ್ತು?" ಎಂದ ಬಂದವನು.

"ದಿನಾ ಆಗೋದೇ."

"ಇಲ್ಲಿ ಸಂಜೆ ಹೊತ್ತಾದ್ರೂ ಸ್ವಲ್ಪ ನೆಮ್ಮದಿ ಇರತ್ತಾ ಸಾರ್?"

"ಸಂಜೆ ಎಲ್ಲರೂ ಸಾಲಾಗಿ ಬೀಳ್ತೀವಿ," ಎಂದರು ಮೇಷ್ಟ್ರು. "ಜಾಗಕ್ಕೆ ಜಗಳ ಆಗತ್ತೆ."

ಅವನ ಮುಖದಲ್ಲಿ ಸೋಪಿಲ್ಲದ ಕೆನ್ನೆಯೂ ಸೋಪಿನ ಬಣ್ಣಕ್ಕೆ ತಿರುಗಿತು. ಅವನು ನೇರವಾಗಿ ನನ್ನ ಅಂಗಡಿಗೆ ಬಂದ.

ನಾನು ಅಲ್ಲಿ ಸಾಯುತ್ತಿದ್ದೆ. ಅಂಗಡಿಯ ಅತ್ಯುತ್ತಮ ಡಬಲ್ ಹಾಸಿಗೆಯನ್ನು ಅದಕ್ಕೆಂದೇ ಇಳಿಸಿದ್ದೆ. ಕೊಳೆಯಾದರೆ ಆಮೇಲೆ ಮಾರುವುದು ಕಷ್ಟವೆಂದು ಮೇಲಿನ ಪ್ಲಾಸ್ಟಿಕ್ ತೆಗೆದಿರಲಿಲ್ಲ. ಉಸಿರೆಳೆದಾಗಲೆಲ್ಲ ಚರಚರ ಎನ್ನುತ್ತಿತ್ತು. ಅತ್ತೆ ತಲೆಯ ಬಳಿ ಕೂತು ರಟ್ಟಿನಿಂದ ಗಾಳಿ ಹಾಕುತ್ತಿದ್ದರು. ಮೂರ್ಛೆ ಹೋಗಲು ಅವರು ಕಡೆಗೂ ಒಪ್ಪಿರಲಿಲ್ಲ.

"ಅಳಿಯಂದ್ರು ಹೊರಡ್ತಾ ಇದ್ದಾರೆ," ಎಂದರು, ಬಸ್ಸು ಹೊರಡುತ್ತದೆ ಎನ್ನುವ ಧ್ವನಿಯಲ್ಲಿ.

"ಛೆ, ಕ್ಷಮಿಸಿ. ನಾನು ಆಮೇಲೆ ಬರ್ತೀನಿ. ಒಂದು ಡಬಲ್ ಹಾಸಿಗೆ ನೋಡೋಣ ಅಂತ ಬಂದೆ."

ಓದುಗರೇ, ಸಾವು ಎಷ್ಟೇ ಹತ್ತಿರವಿರಲಿ, ಗಿರಾಕಿ ಬಾಗಿಲಿಂದ ಹಿಂದಕ್ಕೆ ತಿರುಗಿದರೆ ವ್ಯಾಪಾರಿಯ ಪ್ರಾಣ ಮರಳಿ ಬರುತ್ತದೆ. ನಾನು ಒಂದು ಕಣ್ಣು ತೆರೆದೆ.

"ಅಳತೆ ಏನು?" ಎಂದೆ ಕ್ಷೀಣವಾಗಿ.

"ಆ ಮೇಲಿನ ಮನೆ ಕಿಟಕಿ ಪಕ್ಕಕ್ಕೆ ಆಗೋ ಹಾಗೆ. ನೀವು ಮಾತಾಡಬೇಡಿ, ಆಯಾಸ ಆಗತ್ತೆ."

"ಹತ್ತಿಯೋ ಸ್ಪ್ರಿಂಗೋ?"

"ಯಾವುದು ಒಳ್ಳೇದು?"

"ಬದುಕೋರಿಗೆ ಹತ್ತಿ, ಸಾಯೋರಿಗೆ ಸ್ಪ್ರಿಂಗು. ಇದೇ ನೋಡಿ, ನಾನು ಬೆಳಿಗ್ಗೆಯಿಂದ ಇದರ ಮೇಲೆ ಸಾಯ್ತಾ ಇದ್ದೀನಿ, ಬೆನ್ನು ನೋವು ಅನ್ನೋದೇ ಇಲ್ಲ." ಎದ್ದು ಕೂತು ಅಂಚಿನ ಹೊಲಿಗೆ ತೋರಿಸಿದೆ. ಅವನು ಬಗ್ಗಿ ನೋಡಿದ. ಗಟ್ಟಿತನ ತೋರಿಸಬೇಕೆನಿಸಿ, ಹಾಸಿಗೆಯ ಮೇಲೆ ನಿಂತು ಕುಣಿದೆ. ಅತ್ತೆ ರಟ್ಟು ಕೆಳಗಿಟ್ಟು ಹಣೆ ಹಿಡಿದುಕೊಂಡರು.

"ನಿಮಗೆ ಏನು ಕಾಯಿಲೆ?" ಎಂದ ಬಂದವನು.

"ಎಲ್ಲಾ," ಎಂದೆ ಮೇಲಿನಿಂದ.

ಒಳಗಿಂದ ಹೆಂಡತಿ ಬಂದಳು. "ಸಾರ್, ರೋಗಿಗಳನ್ನ ಲೆಕ್ಕ ಹಾಕೋಕೆ ಬಂದೋರು ಹಾಸಿಗೆ ಯಾಕೆ ಕೊಳ್ತೀರಿ?"

"ಲೆಕ್ಕಾನಾ? ನಾನು ಮನೆ ನೋಡೋಕೆ ಬಂದೋನಮ್ಮ. ನನ್ನ ಹೆಂಡ್ತಿ ಡಾಕ್ಟರು. ಇಲ್ಲಿಗೆ ಹಾಕ್ತೀವಿ ಅಂತ ಇಲಾಖೆಯವರು ಕೇಳಿದ್ದಾರೆ. ಮುಂಚೆ ಇದ್ದ ಕಡೆ ಅವಳಿಗೆ ಕೂತು ಊಟ ಮಾಡೋಕೂ ಬಿಡಲಿಲ್ಲ ಜನ. ತಟ್ಟೆ ಕೈಯಲ್ಲಿ ಹಿಡ್ಕೊಂಡೇ ನಾಡಿ ನೋಡ್ತಿದ್ಲು. 'ಈ ಸಲ ನೀನು ಮೊದಲು ಹೋಗಿ ನೋಡ್ಕೊಂಡು ಬಾ, ಅದೇ ಥರ ಇದ್ರೆ ನಾನು ಈ ಕೆಲಸವೇ ಬಿಡ್ತೀನಿ' ಅಂದಿದ್ದಾಳೆ." ಅವನು ಟೇಪು ಸುತ್ತಿ ಜೇಬಿಗೆ ಹಾಕಿಕೊಂಡ. "ಇದು ಅದಕ್ಕಿಂತ ಕಷ್ಟ. ತಪ್ಪು ತಿಳೀಬೇಡಿ."

ಅವನು ಬಸ್ ಸ್ಟಾಪಿನ ಕಡೆ ನಡೆದ. ಹೆಂಡತಿ ನನ್ನನ್ನು ನೋಡಿದಳು.

"ರೀ, ಆ ಅಧಿಕಾರಿ ಕಾರಿನಲ್ಲಿ ನಿಜವಾಗಿ ಏನಂದ್ರು?"

"ಅವರ ಮುಖಭಾವ ನೋಡಿದ್ರೆ..."

"ಮುಖ ಬಿಡಿ. ಬಾಯಲ್ಲಿ ಏನಂದ್ರು?"

"ಮುಖ್ಯ ರಸ್ತೆಗೆ ಎಡಕ್ಕೆ ತಿರುಗಬೇಕಾ ಬಲಕ್ಕಾ ಅಂದ್ರು."

ಅವಳು ಬಸ್ ಸ್ಟಾಪಿನ ಕಡೆ ತಿರುಗಿ ನೋಡಿದಳು. ಅತ್ತೆ, "ಅದನ್ನಾದ್ರೂ ಸರಿಯಾಗಿ ಹೇಳಿದ್ರಾ?" ಎಂದರು.

ನಿಜವಾದ ಸೇನಾಪತಿ ಯಾರೆಂದು ಸೋಲಿನಲ್ಲಿ ಗೊತ್ತಾಗುತ್ತದೆ. ನಾನು ಬೀದಿಗೆ ಹಾರಿ, ಎಲ್ಲರೂ ಈ ಕ್ಷಣವೇ ಗುಣವಾಗಬೇಕೆಂದು ಆಜ್ಞೆ ಮಾಡಿದೆ. ಯಾವ ಡಾಕ್ಟರೂ ಯಾವ ಬೀದಿಯನ್ನೂ ಅಷ್ಟು ಬೇಗ ಗುಣಪಡಿಸಿದ್ದಿಲ್ಲ. ಕಟಿಂಗ್ ಶಾಪಿನವನು ಜೋಳಿಗೆ ಕಿತ್ತೆಸೆದು, ಗಿರಾಕಿ ಕೂರುವ ಕುರ್ಚಿಯನ್ನೇ ಎರಡು ಕೈಯಲ್ಲಿ ತಲೆಯ ಮೇಲೆತ್ತಿಕೊಂಡು ಓಡಿದ. ಮೇಷ್ಟ್ರು ಪಂಚೆ ಮೇಲೆ ಕಟ್ಟಿ, "ನಮಗೇನೂ ಆಗಿಲ್ಲ ಸಾರ್, ನಿಂತ್ಕೊಳಿ" ಎನ್ನುತ್ತ ಓಡಿದರು. ಸ್ವಲ್ಪ ಹೊತ್ತಿನ ಮುಂಚೆ ಕಣ್ಣೆದುರೇ ಸತ್ತಿದ್ದವರು ತನ್ನತ್ತ ಓಡಿಬರುವುದನ್ನು ಕಂಡು ಆ ಬಡಪಾಯಿ ಬಸ್ ಸ್ಟಾಪಿನ ಬೆಂಚು ಹತ್ತಿ ನಿಂತ.

ಆಗ ನಾನು ಜನರನ್ನು ಸೀಳಿಕೊಂಡು ಮುಂದೆ ಹೋಗಿ, ಸರ್ಕಾರದ ಐದು ದಾರಿಗಳನ್ನೂ ಒಂದೊಂದಾಗಿ ಬಿಡಿಸಿ, ಭತ್ಯೆಯಿಂದಲ್ಲ, ಕರಾರಿನಿಂದಲ್ಲ, ಡಾಕ್ಟರಿಗೆ ಕೂತು ಉಣ್ಣುವಷ್ಟು ಬಿಡುವು ಕೊಟ್ಟರೆ ಮಾತ್ರ ಡಾಕ್ಟರು ಉಳಿಯುತ್ತಾರೆ ಎಂದು ಒಂದು ಭಾಷಣ ಮಾಡಿದೆ ನೋಡಿ, ಬಸ್ಸಿನವನು ಎಂಜಿನ್ ಆರಿಸಿ ಇಳಿದು ಬಂದ, ಕಂಡಕ್ಟರು ಕಣ್ಣೊರೆಸಿಕೊಂಡ, ಬೆಂಚಿನ ಮೇಲಿದ್ದವನು ಕೆಳಗಿಳಿದು ನನ್ನ ಕೈ ಹಿಡಿದು...

ಈ ಕಥೆಯನ್ನು ಮೊನ್ನೆ ಇಲ್ಲಿಯವರೆಗೆ ತಂದಿದ್ದೆ. ಹೇಳುತ್ತಿದ್ದದ್ದು ಕ್ಲಿನಿಕ್ಕಿನ ಹೊರಗಿನ ಬೆಂಚಿನಲ್ಲಿ, ಪಕ್ಕದ ಬಡಾವಣೆಯಿಂದ ಕೆಮ್ಮು ತೋರಿಸಲು ಬಂದಿದ್ದ ಹೊಸಬನಿಗೆ. ಅವನು ಕೆಮ್ಮುವುದನ್ನೇ ಮರೆತು ಕೂತಿದ್ದ. ಅಷ್ಟರಲ್ಲಿ ನರ್ಸಕ್ಕ ನನ್ನ ಸರದಿ ಕೂಗಿದಳು.

ಡಾಕ್ಟರಮ್ಮ ನನ್ನ ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿದರು, ಬಿಟ್ಟರು.

"ನಿಮ್ಮ ಬೀಪಿ ನನ್ನ ಬೀಪಿಗಿಂತ ಚೆನ್ನಾಗಿದೆ. ಏನು ತೊಂದರೆ?"

"ಅದೊಂದು ಥರ ಡಾಕ್ಟ್ರೇ, ಇಲ್ಲಿಂದ ಶುರುವಾಗಿ ಹೀಗೆ ಸುತ್ತಿಕೊಂಡು..."

"ಈ ಗೋಡೆ ಹಲಗೆದು, ಹೊರಗೆ ಆಡಿದ್ದೆಲ್ಲ ಇಲ್ಲಿ ಕೇಳಿಸತ್ತೆ. ನಮ್ಮ ಮನೆಯವರು ಆ ಬಸ್ ಸ್ಟಾಪಿನ ಕಥೆ ನನಗೂ ಹೇಳಿದ್ದಾರೆ. ಅದರಲ್ಲಿ ನೀವು ಇರಲಿಲ್ಲ."

ಹೊರಗೆ ಬೆಂಚು ಕಿರುಗುಟ್ಟಿತು. ಹೊಸಬ ಗೋಡೆಗೆ ಕಿವಿ ಕೊಟ್ಟಿದ್ದನೆಂದು ಕಾಣುತ್ತದೆ.

"ಇದ್ದೆ," ಎಂದೆ. "ಅಂಚೆ ಡಬ್ಬಿ ಹಿಂದೆ ಇದ್ದೆ. ಕಾಲು ಮುಂದಕ್ಕೆ ಬರಲಿಲ್ಲ."

ನಿಜ ಹೇಳಿಬಿಡುತ್ತೇನೆ. ಮುಂದೆ ಹೋದವಳು ನನ್ನ ಹೆಂಡತಿ. ಕುತ್ತಿಗೆಯ ಬಟ್ಟೆ ಬಿಚ್ಚಿ ತೋರಿಸಿದಳು. "ಸಾರ್, ಇಲ್ಲಿ ಎಲ್ಲರೂ ನಿಮ್ಮ ಹತ್ರ ಸುಳ್ಳು ಹೇಳಿದ್ದಾರೆ. ಇದೊಂದು ನಿಜ. ಕೆಟ್ಟದ್ದೇ ಇರಬೇಕು ಅಂತಿಲ್ಲ. ಆದ್ರೆ ಏನೂ ಅಲ್ಲ ಅಂತ ಹೇಳೋಕೂ ಒಬ್ರು ಬೇಕಲ್ವಾ? ನೆಗಡಿ ಜ್ವರ ನರ್ಸಕ್ಕ ನೋಡ್ಕೋತಾರೆ, ಇಲಾಖೆಯವರು ಬೇಡ ಅಂದ್ರೆ ನಾವು ಹೋಗಿ ಕೇಳ್ತೀವಿ. ನಿಮ್ಮ ಮನೆಯವರು ಊಟಕ್ಕೆ ಕೂತಾಗ ಬಾಗಿಲಲ್ಲಿ ನಮ್ಮಮ್ಮ ಕೂರ್ತಾಳೆ. ಅವಳನ್ನ ದಾಟಿ ಯಮನೂ ಒಳಗೆ ಬರಲ್ಲ." ಇಷ್ಟೇ. ಬಸ್ಸು ಬಂತು, ಅವನು ಹತ್ತಲಿಲ್ಲ. ಅರ್ಧ ಗಡ್ಡದ ಮುಖದಲ್ಲಿ ಮೇಷ್ಟ್ರನ್ನು ನೋಡಿದ, ಕುರ್ಚಿ ಹೊತ್ತವನನ್ನು ನೋಡಿದ, ಬೆಂಚಿನ ಮೇಲೆ ಕೂತು ನಗತೊಡಗಿದ. ಆ ನಗು ನಿಲ್ಲಲು ಎರಡನೆಯ ಬಸ್ಸೂ ಹೋಗಬೇಕಾಯಿತು.

ಡಾಕ್ಟರಮ್ಮ ಬಂದರು. ನರ್ಸಕ್ಕನಿಗೆ ಔಷಧಿ ಬರೆಯುವ ಅಧಿಕಾರವೂ ಬಂತು; ಬೀದಿಯವರೆಲ್ಲ ಇಲಾಖೆಯ ಮೆಟ್ಟಿಲ ಮೇಲೆ ಹೋಗಿ ಕೂತ ಮೇಲೆ. ಅತ್ತೆ ಮಧ್ಯಾಹ್ನ ಬಾಗಿಲಲ್ಲಿ ಕೂರುತ್ತಾರೆ. ಮೊದಲ ದಿನ ಮೊದಲು ಒಳಗೆ ಹೋದವಳು ನನ್ನ ಹೆಂಡತಿ. ಡಾಕ್ಟರಮ್ಮ ಒತ್ತಿ ನೋಡಿದರು, ಪರೀಕ್ಷೆಗೆ ಕಳಿಸಿದರು, ಫಲಿತಾಂಶ ಬಂದಾಗ ತಾವೇ ಅಂಗಡಿಗೆ ನಡೆದು ಬಂದರು. ಕೊಬ್ಬಿನ ಗಂಟು. ಇಟ್ಟುಕೊಂಡರೂ ಸರಿ, ತೆಗೆಸಿದರೂ ಸರಿ. ಹೆಂಡತಿ, "ಇರಲಿ ಬಿಡಿ, ಅಭ್ಯಾಸ ಆಗಿದೆ" ಎಂದು ಹತ್ತಿ ತುಂಬಲು ಕೂತಳು. ನಾನು ಹೋಗಿ ಡಬಲ್ ಹಾಸಿಗೆಯ ಮೇಲೆ ಮಲಗಿದವನು ಸಂಜೆಯವರೆಗೆ ಏಳಲಿಲ್ಲ. ಪ್ಲಾಸ್ಟಿಕ್ಕಿನ ಚರಚರ ಕೇಳಿ ಅತ್ತೆ ಬಂದು ನೋಡಿ, ಬಾಗಿಲು ಮುಂದಕ್ಕೆ ಎಳೆದುಕೊಂಡು ಹೋದರು.

ಇಷ್ಟನ್ನೂ, ಅವರಿಗೆ ಗೊತ್ತಿದ್ದದ್ದನ್ನೂ ಸೇರಿಸಿ, ಡಾಕ್ಟರಮ್ಮನಿಗೆ ಹೇಳಿದೆ.

"ಸರಿ. ಮತ್ತೆ ಇವತ್ತು ಏನು ಕಾಯಿಲೆ? ಮೊನ್ನೆ ಏನಿತ್ತು, ಅದರ ಮುಂಚೆ ಏನಿತ್ತು?"

"ಏನೂ ಇಲ್ಲ ಡಾಕ್ಟ್ರೇ."

"ಹಾಗಾದ್ರೆ ಯಾಕೆ ಬರ್ತೀರಿ?"

"ನೀವು ಇದ್ದೀರೋ ಇಲ್ವೋ ನೋಡ್ಕೊಂಡು ಹೋಗೋಣ ಅಂತ."

ಡಾಕ್ಟರಮ್ಮ ನನ್ನ ತೋಳಿನ ಪಟ್ಟಿ ಬಿಚ್ಚಿ ಸುರುಳಿ ಸುತ್ತಿದರು.

"ಇದ್ದೀನಿ," ಎಂದರು. "ಹೊರಗೆ ಒಬ್ರು ನಿಜವಾಗಿ ಕೆಮ್ತಾ ಇದ್ದಾರೆ. ಅವರನ್ನ ಕಳಿಸಿ."